ಹೆಳವನ ಹೊತ್ತಿಗೆಯೂ ಮೈಯೊಳಗಿನ ಸಾಕ್ಷಿಯೂ

ತನ್ನ ಮೂಲವನ್ನರಿಯಬೇಕೆಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ತುಂಗಭದ್ರೆಯ ಹಿನ್ನೀರಿನ ಹಂಪಸಾಗರದ ಸೀಮೆಯಲ್ಲಿ ಅದಕ್ಕೆ ವಿಶೇಷ ಕಾರಣವೂ ಉಂಟು. 1953ರಲ್ಲಿ ಅಣೆಕಟ್ಟು ಮುಗಿದು ನದಿಯ ಇಕ್ಕೆಲದ ಅನೇಕ ಗ್ರಾಮಗಳು ಮುಳುಗಿದುವು. ಒಕ್ಕಲುಗಳು ಮನೆ, ಹೊಲ, ಗುಡಿಗಳನ್ನು ತೊರೆದು ನಡೆದುವು. ಊರೇ ನೀರಿನಡಿಯಾದ ಬಳಿಕ ವಂಶದ ನೆನಪನ್ನು ಕಾಯುವವರಾರು?

ಉತ್ತರ ಕರ್ನಾಟಕದಲ್ಲಿ ಈ ಕಾರ್ಯವನ್ನು ಹೆಳವರು ತಲೆತಲಾಂತರದಿಂದ ನಡೆಯಿಸಿಕೊಂಡು ಬಂದಿರುವರು. ಸುಗ್ಗಿಯ ತರುವಾಯ ಒಕ್ಕಲ ಮನೆಗೆ ಬಂದು, ಹೊತ್ತಿಗೆ ಬಿಚ್ಚಿ, ಹಿರಿಯರ ಹೆಸರುಗಳನ್ನೂ ಅವರು ಬಿಟ್ಟುಬಂದ ಊರನ್ನೂ ಹೇಳಿ, ಹೊಸ ಕೂಸುಗಳ ಹೆಸರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವರು. ಇವರ ಉಪಕಾರವು ದೊಡ್ಡದು. ಆದರೆ ಆ ಹೊತ್ತಿಗೆಗೂ ಮೇರೆಯುಂಟು. ಅದರಲ್ಲಿ ಬಹುಮಟ್ಟಿಗೆ ಗಂಡುಸಂತತಿಯೇ ಬೆಳೆಯುವುದು. ಹೆಣ್ಣುಮಗಳು ಮದುವೆಯಾಗಿ ಹೋದೊಡನೆ ಮರೆಯಾಗುವಳು. ಹೆಳವನಿಗೆ ಕಾಳು ಅಳೆಯಲು ಕಣವಿಲ್ಲದವರಿಗೆ ಹೊತ್ತಿಗೆಯೇ ಇಲ್ಲ.

ಅಂತಹ ಹೊತ್ತಿಗೆಯಿಲ್ಲದ ಜನರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿಗಳು. ಪೋರ್ಚುಗೀಸರು ಇವರ ಪೂರ್ವಜರನ್ನು ಆಫ್ರಿಕದಿಂದ ಹಿಡಿದುತಂದರೆಂದು ಚರಿತ್ರೆ ಹೇಳುತ್ತಿತ್ತು. ಆ ವಿಶಾಲ ಖಂಡದ ಯಾವ ಜನರಿಂದ ಎಂಬುದು ಸ್ಪಷ್ಟವಿರಲಿಲ್ಲ. ಗುಲಾಮನನ್ನು ಮಾರಿದವನು ಬೆಲೆಯನ್ನು ಬರೆದಿಟ್ಟಾನು, ತಾಯಿಯ ಹೆಸರನ್ನು ಬರೆದಿಡುವನೇ? ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿದ್ವಾಂಸರು ಸಂಗಡಿಗರೊಡನೆ 2011ರಲ್ಲಿ ಪ್ರಕಟಿಸಿದ ಡಿ.ಎನ್.ಎ. ಸಂಶೋಧನೆಯು ಇದಕ್ಕೆ ಉತ್ತರವಿತ್ತಿತು. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವನ್ನೂ ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೋಕಾಂಡ್ರಿಯದ ಅಂಶವನ್ನೂ ಪರೀಕ್ಷಿಸಲಾಗಿ, ಸಿದ್ದಿಗಳ ಮೂಲವು ಬಾಂಟು ಭಾಷೆಗಳನ್ನಾಡುವ ಆಫ್ರಿಕದ ಜನರಲ್ಲಿದೆಯೆಂದು ಕಂಡುಬಂದಿತು. ಅಷ್ಟೇ ಅಲ್ಲ, ಸುಮಾರು ಎಂಟು ತಲೆಮಾರುಗಳಿಂದೀಚೆಗೆ, ಎಂದರೆ ಹೆಚ್ಚುಕಡಿಮೆ 200 ವರ್ಷಗಳಲ್ಲಿ, ನೆರೆಯ ಭಾರತೀಯರ ರಕ್ತವೂ ಅವರಲ್ಲಿ ಬೆರೆತಿದೆಯೆಂದು ತಿಳಿದುಬಂದಿತು. ಯಾರನ್ನು ಹೊರಗಿನವರೆಂದು ದೂರವಿಟ್ಟೆವೋ ಅವರ ಮೈಯಲ್ಲಿ ನಮ್ಮವರೂ ಇದ್ದಾರೆ!

ಕುಲಶುದ್ಧಿಯ ಗರ್ವವುಳ್ಳವರು ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಕಾಲದಲ್ಲಿ ಭಾರತದ ಭಿನ್ನ ಜನಾಂಗಗಳು ಧಾರಾಳವಾಗಿ ಬೆರೆತುವು. ಒಳಗೊಳಗೇ ಮದುವೆಯಾಗುವ ಕಟ್ಟು ಬಿಗಿಯಾದುದು ಆಮೇಲೆ. ಬೆರಕೆಯಿಲ್ಲದ ಕುಲವನ್ನು ಹುಡುಕುವುದು ತುಂಗಭದ್ರೆಯಲ್ಲಿ ತುಂಗೆಯ ನೀರನ್ನು ಬೇರ್ಪಡಿಸಹೊರಟಂತೆಯೇ ಸರಿ.

ಇಂದು ಹಣ ತೆತ್ತು ಉಗುಳನ್ನು ಕಳುಹಿಸಿದರೆ ಮೂಲವನ್ನು ತಿಳಿಸುವ ಸಂಸ್ಥೆಗಳಿವೆ. ಅವು ಹೇಳುವ ಪ್ರತಿಶತ ಲೆಕ್ಕವು ತಮ್ಮಲ್ಲಿರುವ ಮಾದರಿಗಳೊಡನೆ ಹೋಲಿಸಿ ಮಾಡಿದ ಅಂದಾಜು. ಅದರಿಂದ ಅಜ್ಜನ ಹೆಸರೂ ದೊರೆಯದು, ಮುಳುಗಿದ ಊರೂ ಮೇಲೇಳದು. ಮೇಲಾಗಿ ಒಬ್ಬನ ಪರೀಕ್ಷೆಯು ಅವನ ಒಡಹುಟ್ಟಿದವರ ಗುಟ್ಟನ್ನೂ ಬಯಲಿಗೆಳೆಯಬಲ್ಲುದು. ಆದುದರಿಂದ ಅವರ ಮಾನವನ್ನೂ ನೆನೆದು ಮುಂದುವರಿಯುವುದು ವಿವೇಕ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಈ ಸಂಶೋಧನೆಯು ಹೊರಬಂದುದು ಅದಾದ 8 ವರ್ಷಗಳ ಮೇಲೆ. ಮನುಷ್ಯನ ಹಕ್ಕು ಪ್ರಯೋಗಶಾಲೆಯ ಒಪ್ಪಿಗೆಗಾಗಿ ಕಾಯಬೇಕಾದುದಿಲ್ಲ. ಹೊಸ ವಿದ್ಯೆಯು ಮರೆತ ತಾಯಂದಿರನ್ನು ನೆನಪಿಗೆ ತರಲಿ. ಮೇಲುಕೀಳಿನ ಹೊಸ ತಕ್ಕಡಿಯಾಗದಿರಲಿ ಎಂಬುದೇ ನಮ್ಮ ಬಯಕೆ.