ಬೇರಿಗೊಂದು ಬಿರಡೆ

ದಿನಗಟ್ಟಲೆ ನೀರು ನಿಂತ ಹೊಲದಲ್ಲಿ ಮುಸುಕಿನ ಜೋಳದ ಪೈರು ಹಳದಿಗೆ ತಿರುಗಿ ಸೊರಗುತ್ತದೆ. ಪಕ್ಕದ ಗದ್ದೆಯ ಬತ್ತವಾದರೋ ಅಂತಹದೇ ನೀರಿನಲ್ಲಿ ಹಸುರಾಗಿ ತೊನೆಯುತ್ತಿರುತ್ತದೆ. ಎರಡೂ ಹುಲ್ಲಿನ ಕುಲದ ದಾಯಾದಿಗಳೇ. ಒಂದಕ್ಕೆ ಮೃತ್ಯುವಾದ ನೀರು ಇನ್ನೊಂದಕ್ಕೆ ಜೀವನವಾದುದು ಹೇಗೆ?

ಬೇರಿಗೂ ಉಸಿರು ಬೇಕು. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲೊಂದು ಪಾಲಿನಷ್ಟೇ ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಕೆಸರಿನಲ್ಲಿ ಉಳಿದ ಅಲ್ಪಸ್ವಲ್ಪವನ್ನೂ ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತವೆ. ಆದುದರಿಂದ ಬತ್ತವು ನೀರಿನ ಮೇಲಿನ ಎಲೆ ಕಾಂಡಗಳಿಂದ ಗಾಳಿಯನ್ನು ಸೆಳೆದು, ಬೇರಿನೊಳಗಿನ ಪೊಳ್ಳುಗಳ ಮೂಲಕ ತುದಿಗೆ ಇಳಿಸುತ್ತದೆ. ಆದರೆ ಆ ಗಾಳಿ ನಡುದಾರಿಯಲ್ಲಿಯೇ ಕೆಸರಿಗೆ ಸೋರಿಹೋಗದೆ? ಹೋಗದಂತೆ ಬೇರು ತನ್ನ ಹೊರಪದರದಲ್ಲಿ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂತಹ ವಸ್ತು ತುಂಬಿರುತ್ತದೆ. ಸೀಸೆಗೆ ಹಾಕುವ ಕಾರ್ಕಿನ ಬಿರಡೆ ನೀರು ಹೀರದಿರುವುದೂ ಇದೇ ವಸ್ತುವಿನ ಮಹಿಮೆ.

ಬೇರಿನ ಒಳಪದರದಲ್ಲಿಯೂ ಒಂದು ಕಾವಲುಪಟ್ಟಿಯುಂಟು. 1865ರಲ್ಲಿ ಅದನ್ನು ವರ್ಣಿಸಿದ ಜರ್ಮನ್ ಸಸ್ಯಶಾಸ್ತ್ರಜ್ಞ ರಾಬರ್ಟ್ ಕ್ಯಾಸ್ಪರಿಯ ಹೆಸರೇ ಅದಕ್ಕೆ ಉಳಿದಿದೆ. ಅದು ಒಳಬರುವ ನೀರಿಗೂ ಲವಣಗಳಿಗೂ ಸುಂಕದ ಕಟ್ಟೆ. ಹೊರಗೋಡೆಯಾದರೋ ಉಸಿರಿನ ಕಾವಲು.

ಈ ಗೋಡೆಯನ್ನು ಕಾಣುವ ಉಪಾಯ ಬಲು ಸೊಗಸಾದುದು. ಬಣ್ಣಗೆಡಿಸಿದ ಮೆಥಿಲೀನ್ ನೀಲಿಯ ದ್ರಾವಣಕ್ಕೆ ಆಮ್ಲಜನಕ ತಾಗಿದರೆ ನೀಲಿ ಮರಳುತ್ತದೆ. ಬೇರನ್ನು ಅದರಲ್ಲಿ ಇಳಿಬಿಟ್ಟಾಗ, ಗೋಡೆಯಿಲ್ಲದಿದ್ದರೆ ಉದ್ದಕ್ಕೂ ನೀಲಿ ಹೊಗೆಯಾಡುತ್ತದೆ. ಗೋಡೆಯಿದ್ದರೆ ತುದಿಯ ಬಳಿ ಮಾತ್ರ.

ಬತ್ತವು ಈ ಗೋಡೆಯನ್ನು ಸದಾಕಾಲ ಕಟ್ಟುವುದಿಲ್ಲ. ಮಳೆಗಾಲ ಬಂದಾಗ ಜಗಲಿಗೆ ತಟ್ಟಿ ಕಟ್ಟುವ ಮಲೆನಾಡಿನ ಗೃಹಸ್ಥನಂತೆ, ನೀರು ನಿಂತಾಗಲೇ ಕೆಲಸ ಆರಂಭಿಸುತ್ತದೆ. ಕಟ್ಟುವ ವಿದ್ಯೆ ಮಾತ್ರ ವಂಶಪಾರಂಪರ್ಯವಾದುದು. ಆರ್‌ಸಿಎನ್-1 ಎಂಬ ಜೀನ್ ಕೆಟ್ಟ ಬತ್ತದಲ್ಲಿ ತೆಂಡೆಗಳು ಕಡಿಮೆಯೆಂಬುದು ಮೊದಲೇ ತಿಳಿದಿತ್ತು. ಆ ಹೆಸರು ಬಂದುದೂ ಅದರಿಂದಲೇ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಅಂತಹ ಬತ್ತವನ್ನು ಆಮ್ಲಜನಕವಿಲ್ಲದ ನಿಂತ ನೀರಿನಲ್ಲಿ ಬೆಳೆಸಿ ನೋಡಿದರು. ಹೊರಪದರಕ್ಕೆ ಸುಬೆರಿನ್ ಸರಿಯಾಗಿ ತುಂಬಲಿಲ್ಲ, ಗೋಡೆ ಏಳಲಿಲ್ಲ, ಬೇರುಗಳು ಗಿಡ್ಡವಾಗಿಯೇ ಉಳಿದವು. ತೆಂಡೆಯ ಲೆಕ್ಕದಲ್ಲಿ ಹೆಸರು ಪಡೆದ ಜೀನ್ ಬೇರಿನ ಕೆಲಸದಲ್ಲಿ ಸಿಕ್ಕಿಬಿದ್ದಿತು!

ಮುಸುಕಿನ ಜೋಳದ ಬೇರೂ ನೀರು ನಿಂತಾಗ ಪೊಳ್ಳುಗಳನ್ನು ಮಾಡಿಕೊಳ್ಳುತ್ತದೆ, ಪಾಪ. ಗೋಡೆಯಿಲ್ಲದೆ ಅಲ್ಲಿಯ ಗಾಳಿ ಸೋರಿಹೋಗುತ್ತದೆ. ಆದರೆ ಮಧ್ಯ ಅಮೆರಿಕದ ನಿಕರಾಗುವದಲ್ಲಿ, ಪೆಸಿಫಿಕ್ ಕರಾವಳಿಯ ಜೌಗಿನಲ್ಲಿ, ಅದಕ್ಕೊಂದು ಕಾಡುಬಂಧುವಿದೆ. 2000ದಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಿಸಲ್ಪಟ್ಟ ಈ ಹುಲ್ಲು ಬತ್ತದಂತೆಯೇ ಗೋಡೆ ಕಟ್ಟಬಲ್ಲದು. ಜಪಾನಿನಲ್ಲಿ ಇದನ್ನು ಮುಸುಕಿನ ಜೋಳದೊಡನೆ ಸಂಕರಿಸಿ, ಹುಟ್ಟಿದುದನ್ನು ಮತ್ತೆ ಮತ್ತೆ ಜೋಳಕ್ಕೇ ಕೂಡಿಸುತ್ತ ಹೋದರು. ಕೊನೆಗೆ ಕಾಡುಹುಲ್ಲಿನ ಮೂರನೆಯ ವರ್ಣತಂತುವಿನ ಕಿರುತೋಳಿನ ಒಂದು ತುಂಡು ಜೋಳದ ಪೈರಿನಲ್ಲಿ ನೆಲೆನಿಂತಿತು. ನಿಂತ ನೀರಿನಲ್ಲಿ ಆ ಪೈರಿನ ಬೇರು ಗೋಡೆ ಕಟ್ಟಿತೆಂದು 2017ರಲ್ಲಿ ಪ್ರಕಟವಾಯಿತು.