ಹಳೆ ಜೀಪಿನ ತುಕ್ಕು ಹಿಡಿದ ಸ್ಟೀರಿಂಗ್: ಬಿಚ್ಚಲೇಬೇಕು ಯಾಕೆ, ಬಿಚ್ಚೋದು ಹೇಗೆ?

ಮಲೆನಾಡಿಗೆ ಟ್ರಿಪ್ ಬಂದಾಗ ನಿಮ್ಮಲ್ಲಿ ಎಷ್ಟೋ ಜನ ಬಾಡಿಗೆ ಜೀಪ್ ಹತ್ತಿರ್ತೀರಿ. ಮೂಡಿಗೆರೆ, ಕಳಸದ ಕಡೆಯವರಾದ್ರೆ ಕೇಳೋದೇ ಬೇಡ, ಅಂಗಳದಲ್ಲೇ ಒಂದು ಹಳೆ ಜೀಪ್ ನಿಂತಿರುತ್ತೆ. ಇವತ್ತಿನ ಮಾತು ಆ ಜೀಪಿನ ಸ್ಟೀರಿಂಗ್ ಬಗ್ಗೆ.

ಹೋದ ವರ್ಷ ಮಳೆ ಮುಗಿದು ಕಾಫಿ ಕೊಯ್ಲು ಶುರುವಾದ ಸಮಯ. ತೋಟದಿಂದ ಇಳಿಜಾರಿನಲ್ಲಿ ಬರ್ತಾ ಇದ್ದೆ. ಹಿಂದೆ ಕೊಯ್ಲಿಗೆ ಬಂದ ನಾಲ್ಕು ಜನ ಕೂತಿದ್ದರು. ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದರೂ ಚಕ್ರ ತಿರುಗಲಿಲ್ಲ, ಆಮೇಲೆ ದಡಕ್ಕನೆ ತಿರುಗಿತು. ಮನೆಗೆ ಬಂದು ಹೇಳಿದರೆ ಅಪ್ಪ, ‘ಹಳೆ ಜೀಪು ಮಾರಾಯ, ಅದು ಹಾಗೇ’ ಅಂದರು. ನನಗೆ ಸಮಾಧಾನ ಆಗಲಿಲ್ಲ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಟೈ ರಾಡ್ ತುದಿಯ ನಟ್ ಕಳಚದ ಹಾಗೆ ಹಾಕಿರೋ ಸ್ಪ್ಲಿಟ್ ಪಿನ್ ಇರಲೇ ಇಲ್ಲ, ತುಕ್ಕು ಅದನ್ನು ತಿಂದುಹಾಕಿತ್ತು. ಈಗ ಆ ನಟ್ಟನ್ನು ಹಿಡಿದಿಟ್ಟಿದ್ದೂ ಅದೇ ತುಕ್ಕು!

ಸ್ಟೀರಿಂಗ್ ಕೆಲಸ ಮಾಡೋದು ಹೇಗೆ ಅಂತ ಮೊದಲು ನೋಡೋಣ. ನಾವು ಚಕ್ರ ತಿರುಗಿಸಿದರೆ ಸ್ಟೀರಿಂಗ್ ಬಾಕ್ಸ್‌ನಿಂದ ಹೊರಗೆ ಬಂದಿರೋ ಪಿಟ್‌ಮನ್ ಆರ್ಮ್ ಅಲ್ಲಾಡುತ್ತೆ. ಅದು ಡ್ರ್ಯಾಗ್ ಲಿಂಕ್ ಅನ್ನೋ ಸಲಾಕೆಯನ್ನು ತಳ್ಳುತ್ತೆ. ಹಳೆ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ನಡುವೆ ಬೆಲ್ ಕ್ರ್ಯಾಂಕ್ ಅಂತ ಇನ್ನೊಂದು ತುಂಡಿದೆ. ಅಲ್ಲಿಂದ ಎರಡು ಟೈ ರಾಡ್‌ಗಳು ಎರಡೂ ಚಕ್ರಕ್ಕೆ ಹೋಗುತ್ತವೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸ್ಟೀರಿಂಗ್ ನಮ್ಮ ಕೈಲಿರುತ್ತೆ, ಜೀಪ್ ಇರಲ್ಲ.

ಹಳೆ ಹಾಯಿದೋಣಿಗಳ ಚುಕ್ಕಾಣಿಯ ಭಾಗಗಳನ್ನು ಸಮುದ್ರದ ಉಪ್ಪು ತಿನ್ನೋದು ಗೊತ್ತಿರೋ ವಿಷಯ. ಆದರೆ ಸಮುದ್ರವೇ ಕಾಣದ ನಮ್ಮ ಗುಡ್ಡದಲ್ಲಿ ಇಷ್ಟು ತುಕ್ಕು ಎಲ್ಲಿಂದ ಬಂತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯೋ ಮಳೆ, ಕೆಳಗೆ ಅಂಟಿಕೊಂಡು ಒಣಗದೇ ಇರೋ ಕೆಸರು, ಇವು ಸರಿ. ಜೊತೆಗೆ ಉಪ್ಪನ್ನು ನಾವೇ ಹೊತ್ತು ತರ್ತೀವಿ, ಗೊಬ್ಬರದ ಚೀಲದಲ್ಲಿ. ಮ್ಯೂರಿಯೇಟ್ ಆಫ್ ಪೊಟ್ಯಾಶ್ ಅಂದ್ರೆ ಪೊಟ್ಯಾಶಿಯಂ ಕ್ಲೋರೈಡ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ. ಕಬ್ಬಿಣದ ಮಟ್ಟಿಗೆ ಅದು ಸಮುದ್ರದ ಉಪ್ಪಿನ ತಮ್ಮ.

ಇನ್ನೊಂದು, ಬೋರ್ಡೋ ದ್ರಾವಣ. ಮೈಲುತುತ್ತಕ್ಕೆ ಸುಣ್ಣ ಸಾಕಾಗಿದೆಯಾ ಅಂತ ನೋಡೋಕೆ ಹಿರಿಯರು ದ್ರಾವಣದಲ್ಲಿ ಚಾಕು ಅದ್ದೋದನ್ನು ನೋಡಿರ್ತೀರಿ. ಚಾಕು ಕೆಂಪಾದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಆ ಕೆಂಪು ತಾಮ್ರ. ಅದು ಕೂರೋದು ಕಬ್ಬಿಣ ಕರಗಿದ ಜಾಗದಲ್ಲಿ. ಅಂದ್ರೆ ಕಾಫಿ ಎಲೆಯ ತುಕ್ಕು ರೋಗ ತಡೆಯೋಕೆ ತಂದ ಮೈಲುತುತ್ತ ಜೀಪಿನ ಮೇಲೆ ಚೆಲ್ಲಿದರೆ ಜೀಪಿಗೆ ತುಕ್ಕು ತರುತ್ತೆ!

ತುಕ್ಕು ಹಿಡಿದ ಭಾಗ ಬಿಚ್ಚೋಕೆ ಬರದಿರೋದಕ್ಕೂ ಕಾರಣ ಇದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಗೊಳ್ಳುತ್ತೆ. ಸಂದಿಯೊಳಗೆ ಅದು ಉಬ್ಬಿ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತೆ.

ಈಗ ಬಿಚ್ಚೋ ಕೆಲಸ. ನಾನು ಇದನ್ನು ಒಬ್ಬನೇ ಮಾಡಲಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿದ್ದರು. ನೀವೂ ಮೊದಲ ಸಲ ಹಾಗೇ ಮಾಡಿ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಮುಂದಿನ ಆಕ್ಸಲ್‌ಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ಮೊದಲ ದಿನ ಸ್ಪ್ಯಾನರ್ ಮುಟ್ಟೋದೇ ಬೇಡ. ವೈರ್ ಬ್ರಷ್‌ನಲ್ಲಿ ಕೆಸರು, ತುಕ್ಕು ಉಜ್ಜಿ ತೆಗೀರಿ. ತುಕ್ಕು ಬಿಡಿಸೋ ಎಣ್ಣೆ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹೊಡೀರಿ. ಎಣ್ಣೆ ಒಳಗೆ ಇಳಿಯೋಕೆ ಸಮಯ ಬೇಕು.

ಮಾರನೇ ದಿನ ಸ್ಪ್ಲಿಟ್ ಪಿನ್ ಉಳಿದಿದ್ದರೆ ತೆಗೀರಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ಬಿಚ್ಚಬೇಡಿ. ಕೊನೆಯ ಕೆಲವು ಸುತ್ತಿನ ಮೇಲೆ ಅದು ನಿಂತಿರಲಿ. ಜಾಯಿಂಟ್ ಒಮ್ಮೆಲೇ ಬಿಟ್ಟುಕೊಂಡಾಗ ರಾಡ್ ಮುಖಕ್ಕೆ ಬಡಿಯದ ಹಾಗೆ ಅದು ತಡೆಯುತ್ತೆ.

ಎಲ್ಲರೂ ತಪ್ಪು ಮಾಡೋದು ಇಲ್ಲೇ. ನಾನೂ ಮಾಡಿದೆ, ಬೋಲ್ಟಿನ ತುದಿಗೇ ಸುತ್ತಿಗೆ ಎತ್ತಿದೆ. ಮೆಕ್ಯಾನಿಕ್ ಅಣ್ಣ ಕೈ ಹಿಡಿದು ಕೇಳಿದರು: ‘ಗೂಟ ಕೀಳುವಾಗ ಏನ್ ಮಾಡ್ತೀಯ?’ ಅಕ್ಕಪಕ್ಕ ತಟ್ಟಿ ಸಡಿಲ ಮಾಡ್ತೀವಿ, ಅಲ್ವಾ? ಇದೂ ಅಷ್ಟೇ. ಆ ಬೋಲ್ಟ್ ಗೂಟದ ಹಾಗೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ತುದಿಗೆ ಹೊಡೆದರೆ ಮರೆ ಹಾಳಾಗುತ್ತೆ. ಅದು ಕೂತಿರೋ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಹೊಡೀರಿ. ನಮ್ಮದು ಆರನೇ ಏಟಿಗೆ ‘ಟಕ್’ ಅಂತ ಬಿಟ್ಟಿತು. ಪುಲ್ಲರ್ ಸಿಕ್ಕಿದರೆ ಇನ್ನೂ ಒಳ್ಳೇದು.

ಪಿಟ್‌ಮನ್ ಆರ್ಮ್‌ಗೆ ಮಾತ್ರ ಸುತ್ತಿಗೆ ಬೇಡವೇ ಬೇಡ. ಆ ಏಟು ಸೀದಾ ಸ್ಟೀರಿಂಗ್ ಬಾಕ್ಸ್ ಒಳಗಿನ ಬೇರಿಂಗ್‌ಗೆ ಹೋಗುತ್ತೆ. ಆರ್ಮ್ ಮತ್ತು ಶಾಫ್ಟ್ ಎರಡಕ್ಕೂ ಗುರುತು ಹಾಕಿಕೊಂಡು ಪುಲ್ಲರ್‌ನಲ್ಲೇ ಎಳೀರಿ.

ಟೈ ರಾಡ್‌ನ ತುದಿ ತಿರುಗಿಸಿ ತೆಗೆಯುವಾಗ ನೆನಪಿಡಿ, ಒಂದು ತುದಿಯ ಮರೆ ಎಡಗಡೆಯದ್ದು, ಅಂದ್ರೆ ಉಲ್ಟಾ. ಗೊತ್ತಿಲ್ಲದೆ ತಿರುಗಿಸಿದರೆ ಬಿಚ್ತಾ ಇದ್ದೀವಿ ಅಂದುಕೊಂಡು ಬಿಗಿ ಮಾಡ್ತಾ ಇರ್ತೀರಿ. ಎಷ್ಟು ಸುತ್ತಿಗೆ ಹೊರಗೆ ಬಂತು ಅಂತ ಎಣಿಸಿ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಒಳಗೆ ಕೂರಿಸಬೇಕು.

ಗ್ಯಾಸ್ ಬೆಂಕಿ ಹಿಡಿದರೆ ಬೇಗ ಬಿಡುತ್ತೆ ಅಂತ ಯಾರಾದರೂ ಹೇಳ್ತಾರೆ. ಹೌದು, ಬಿಡುತ್ತೆ. ಆದರೆ ಪಕ್ಕದಲ್ಲೇ ಬ್ರೇಕ್ ಹೋಸ್, ಗ್ರೀಸ್ ಇದೆ. ಅಲ್ಲದೆ ಕೆಂಪಗೆ ಕಾದ ಉಕ್ಕಿನ ಗಟ್ಟಿತನ ಮೊದಲಿನ ಹಾಗೆ ಇರಲ್ಲ. ಕಾಯಿಸಿದ್ದು, ಬಾಗಿದ್ದು, ವೆಲ್ಡ್ ಮಾಡಿದ್ದು ಯಾವುದೂ ಸ್ಟೀರಿಂಗಿಗೆ ವಾಪಸ್ ಹೋಗಬಾರದು. ಬೇರೆ ಕಡೆ ಜುಗಾಡ್ ಮಾಡಿ, ಇಲ್ಲಿ ಬೇಡ.

ಹೊಸ ಭಾಗ ಹಾಕಿದ ಮೇಲೆ ಹೊಸ ಪಿನ್, ಗ್ರೀಸ್, ಆಮೇಲೆ ವರ್ಕ್‌ಶಾಪಿನಲ್ಲಿ ಅಲೈನ್‌ಮೆಂಟ್. ಗೊಬ್ಬರ ಹೊತ್ತ ದಿನ ಸಂಜೆ ಕೆಳಭಾಗಕ್ಕೆ ನೀರು ಹೊಡೆದು ತೊಳೀರಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಇಂಜಿನ್ ಆಫ್ ಮಾಡಿ ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಹೊರಗಿಂದ ಬಗ್ಗಿ ಒಂದೊಂದೇ ಜಾಯಿಂಟ್ ನೋಡಲಿ.

ಕಳಚಿದ ಆ ಹಳೆ ತುಂಡನ್ನು ಅಪ್ಪನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ. ಮರುದಿನ ಕೊಯ್ಲಿನವರು ಜೀಪ್ ಹತ್ತೋಕೆ ಮುಂಚೆ ಅವರೇ ಟಾರ್ಚ್ ಹಿಡಿದು ಕೆಳಗೆ ಬಗ್ಗಿದ್ದರು. ನಿಮ್ಮ ಮನೇಲೂ ಹಳೆ ಜೀಪ್ ಇದ್ದರೆ ಈ ಎಪಿಸೋಡ್ ಮುಗಿದ ಕೂಡಲೇ ಫೋನಿನ ಟಾರ್ಚ್ ಆನ್ ಮಾಡಿ, ಆ ಪಿನ್ ಇದೆಯಾ ಅಂತ ನೋಡಿ. ಮತ್ತೆ ಸಿಗೋಣ.