ಹತ್ತಿ ಎಲೆಯೊಳಗಿನ ನೀಲಿ

ಸೂಡಿ ಊರಿನ ಜೋಡು ಕಳಸದ ಗುಡಿ ದಾಟಿ ಹೊರಟರೆ ಎರೆ ಹೊಲಗಳು. ಒಂದು ಕಾಲಕ್ಕೆ ಜಯಧರ ಹತ್ತಿಯ ಸೀಮೆ, ಈಗ ಬಿಟಿ ಹತ್ತಿಯದು. 2006ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ ಬೋಲ್‌ಗಾರ್ಡ್-2 ಹತ್ತಿಯಲ್ಲಿ ಕಾಯಿಕೊರಕವನ್ನು ಕೊಲ್ಲುವ ಎರಡು ಜೀನುಗಳಿವೆ ಎಂಬುದು ಬೀಜದ ಅಂಗಡಿಯವರಿಗೂ ಗೊತ್ತು. ಅವುಗಳ ಜೊತೆಗೆ ಸೇರಿರುವ ಗುರುತಿನ ಜೀನುಗಳಲ್ಲಿ ಒಂದರ ಹೆಸರು ಗಸ್. ಹುಳುವಿಗೂ ಇಳುವರಿಗೂ ಅದರಿಂದ ಏನೂ ಆಗಬೇಕಿಲ್ಲ. ಜೀನು ತೂರಿಸಿದ ಅಂಗಾಂಶಗಳಲ್ಲಿ ಯಾವುದರೊಳಗೆ ಅದು ನಿಂತಿತು ಎಂದು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚಲು ಸೇರಿಸಿದ್ದು. ಕೆಲಸ ಮುಗಿದರೂ ಗಿಡದಲ್ಲೇ ಉಳಿದಿದೆ. ಬೆಳೆಯುವ ರೈತರಿಗೆ ಇದನ್ನು ಯಾರಾದರೂ ಕೂತು ಹೇಳಬೇಕಿತ್ತು.

ಇಂಥ ಗುರುತಿನ ಜೀನು ಯಾಕೆ ಬೇಕಾಯಿತು? ಗಿಡದ ಬೇರಿನಲ್ಲೂ ಹೂವಿನಲ್ಲೂ ಇರುವ ಜೀನುಗಳು ಒಂದೇ. ಎಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂಬುದರಲ್ಲಿ ವ್ಯತ್ಯಾಸ. ಅದನ್ನು ಕಣ್ಣಾರೆ ನೋಡಬೇಕಾದರೆ, ಜೀನಿಗೆ ಚಾಲನೆ ಕೊಡುವ ತುಣುಕನ್ನು ಬಣ್ಣ ಹುಟ್ಟಿಸುವ ಇನ್ನೊಂದು ಜೀನಿನ ಮುಂದೆ ಜೋಡಿಸಬೇಕು. ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್-ಝಡ್ ಎಂಬ ಜೀನು ಈ ಕೆಲಸ ಮಾಡುತ್ತಿತ್ತು. ಗಿಡಗಳಲ್ಲಿ ಅದು ಕೈಕೊಟ್ಟಿತು: ಅಂಥದ್ದೇ ಕಿಣ್ವ ಗಿಡಕ್ಕೆ ಸ್ವಂತದ್ದಾಗಿಯೇ ಇದೆ, ಹಾಗಾಗಿ ಯಾವ ಬಣ್ಣ ಯಾರದೆಂದು ತಿಳಿಯದು.

ದಾರಿ ಸಿಕ್ಕಿದ್ದು ಹೊಟ್ಟೆಯಿಂದ. ನಮ್ಮ ಯಕೃತ್ತು ಬೇಡವಾದ ವಸ್ತುಗಳಿಗೆ ಗ್ಲುಕ್ಯುರಾನಿಕ್ ಆಮ್ಲ ಅಂಟಿಸಿ ಹೊರಗೆ ಕಳಿಸುತ್ತದೆ. ಕರುಳಿನ ಇ. ಕೋಲಿ ಆ ಅಂಟನ್ನು ಕತ್ತರಿಸಿ ಆಹಾರ ಮಾಡಿಕೊಳ್ಳುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಜೆಫರ್ಸನ್ ಈ ಕತ್ತರಿ ಕಿಣ್ವದ ಜೀನನ್ನು ಹಿಡಿದರು. ಅದೇ ಗಸ್. ಆಗ ಅವರ ಕೆಲಸ ಗಿಡದ ಮೇಲಲ್ಲ, ಸಣ್ಣ ಹುಳುಗಳ ಮೇಲೆ. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನ ಸಸ್ಯತಳಿ ಸಂಸ್ಥೆಗೆ ಹೋಗಿ, ಟೋನಿ ಕವಾನಾ ಮತ್ತು ಮೈಕೆಲ್ ಬೆವನ್ ಜೊತೆ ಪರೀಕ್ಷಿಸಿ ನೋಡಿದರೆ, ಗಿಡಗಳಲ್ಲಿ ಈ ಕಿಣ್ವದ ಸುಳಿವೇ ಇಲ್ಲ! ಅಂದರೆ ಬಣ್ಣ ಬಂದರೆ ಅದು ತಾವಿಟ್ಟ ಜೀನಿನದೇ. 1987ರಲ್ಲಿ ಲೇಖನ ಪ್ರಕಟವಾಯಿತು.

ಎಲೆಯ ಚೂರನ್ನು, ಈ ಕಿಣ್ವ ಕತ್ತರಿಸಿದಾಗ ನೀಲಿ ಹುಟ್ಟಿಸುವ ಎಕ್ಸ್-ಗ್ಲುಕ್ ಎಂಬ ವಸ್ತುವಿನ ದ್ರಾವಣದಲ್ಲಿ ಮುಳುಗಿಸಿ 37 ಡಿಗ್ರಿ ಶಾಖದಲ್ಲಿ ಕೆಲವು ತಾಸು ಇಡುತ್ತಾರೆ. ಆಮೇಲೆ ಆಲ್ಕೊಹಾಲಿನಲ್ಲಿ ತೊಳೆದರೆ ಹಸಿರೆಲ್ಲ ಇಳಿದು ಎಲೆ ಬಿಳಿಚುತ್ತದೆ. ಜೀನು ಕೆಲಸ ಮಾಡಿದ ಕಡೆ ಮಾತ್ರ ನೀಲಿ ನಿಲ್ಲುತ್ತದೆ, ಕೆಲವೊಮ್ಮೆ ಬರೀ ನರಗಳ ಗುಂಟ. ಈ ನೀಲಿ ಬಟ್ಟೆಗೆ ಹಾಕುವ ಇಂಡಿಗೊದ ಹತ್ತಿರದ ಬಂಧು. ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಹುಟ್ಟಿದ ಜಾಗ ಬಿಟ್ಟು ಹೆಚ್ಚು ಹರಡದು.

ನನಗೆ ಜೆಫರ್ಸನ್ ಬಗ್ಗೆ ಗೌರವ ಹೆಚ್ಚಿದ್ದು ಇನ್ನೊಂದು ಕಾರಣಕ್ಕೆ. ಲೇಖನ ಅಚ್ಚಾಗುವ ಮೊದಲೇ ಅವರು ಜೀನು, ಬಳಸುವ ಕೈಪಿಡಿ ಎರಡನ್ನೂ ಜಗತ್ತಿನ ಪ್ರಯೋಗಾಲಯಗಳಿಗೆ ಹಂಚಿಬಿಟ್ಟಿದ್ದರು. ಗಸ್ ಅಷ್ಟು ಬೇಗ ಎಲ್ಲೆಡೆ ಹಬ್ಬಿದ್ದಕ್ಕೆ ಆ ಔದಾರ್ಯವೂ ಕಾರಣ.

ಕೊರತೆ ಒಂದಿದೆ: ನೀಲಿ ನೋಡುವ ಹೊತ್ತಿಗೆ ಆ ಎಲೆ ಸತ್ತಿರುತ್ತದೆ. ಜೀವಂತ ಗಿಡವನ್ನೇ ಹೊಳೆಯುವಂತೆ ಮಾಡುವ, ಅಂಬಲಿ ಮೀನಿನ (ಜೆಲ್ಲಿಫಿಶ್) ಜೀನು ಆಮೇಲೆ ಬಂತು. ಪ್ರಯೋಗಾಲಯಗಳಲ್ಲಿ ಬಳಸುವ ಅರಬಿಡಾಪ್ಸಿಸ್ ಎಂಬ ಗಿಡ ಆ ಜೀನಿನ ಸಂದೇಶದ (ಆರ್‌ಎನ್‌ಎ) ಒಂದು ತುಣುಕನ್ನು ಬೇಡದ್ದೆಂದು ತಿಳಿದು ಕತ್ತರಿಸಿ ಹಾಕುತ್ತಿತ್ತು; ವಿಜ್ಞಾನಿ ಜಿಮ್ ಹ್ಯಾಸೆಲಾಫ್ ಅವರ ತಂಡ 1997ರಲ್ಲಿ ಅದನ್ನು ಸರಿಪಡಿಸಿತು. ಆದರೂ ದುಬಾರಿ ಸೂಕ್ಷ್ಮದರ್ಶಕ ಇಲ್ಲದ ಕಡೆ ಇವತ್ತಿಗೂ ಕೈಗೆಟಕುವುದು ಗಸ್.